ಆಮಶಂಕೆ ಹೋಯಿತು, ಮಂಡಿ ಊದಿತು

1962ರಲ್ಲಿ ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಯಲ್ಲಿ ಆಮಶಂಕೆ ಹಬ್ಬಿತು. ಹಡಗಿನಲ್ಲಿದ್ದವರು 1,276 ಮಂದಿ, ಅವರಲ್ಲಿ ಭೇದಿ ಹಿಡಿದದ್ದು 602 ಜನಕ್ಕೆ. ಕಾರಣ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಇಷ್ಟೇ ಆಗಿದ್ದರೆ ಇದನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಭೇದಿ ನಿಂತ ಮೇಲೆ ಒಂಬತ್ತು–ಹತ್ತು ನಾವಿಕರಿಗೆ ಬೇರೆಯೇ ಕಾಟ ಶುರುವಾಯಿತು. ಮಂಡಿ, ಕಾಲಗಿಣ್ಣು ಊದಿಕೊಂಡವು. ಕಣ್ಣು ಕೆಂಪಾಯಿತು. ಮೂತ್ರ ಮಾಡುವಾಗ ಉರಿ. ಒಂದೇ ಹಡಗು, ಒಂದೇ ಕ್ರಿಮಿ. ಉಳಿದ ಐನೂರ ತೊಂಬತ್ತಕ್ಕೂ ಹೆಚ್ಚು ಜನ ಚೇತರಿಸಿಕೊಂಡು ಓಡಾಡುತ್ತಿರುವಾಗ ಇವರ ಕೀಲುಗಳೇ ಏಕೆ ಹಿಡಿದುಕೊಂಡವು?

ಹೊಟ್ಟೆ ಕೆಟ್ಟ ಮೇಲೆ ಕೀಲು ಕೆಡುವುದು ವೈದ್ಯರಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1916ರಲ್ಲಿ, ಹಾನ್ಸ್ ರೈಟರ್ ಎಂಬ ಜರ್ಮನ್ ವೈದ್ಯ ಇಂಥದೇ ಒಬ್ಬ ಸೈನಿಕನ ಕಥೆ ಬರೆದಿದ್ದ. ಬಹುಕಾಲ ರೋಗಕ್ಕೆ ಅವನ ಹೆಸರೇ ಇತ್ತು. ಮುಂದೆ ಆತ ನಾಜಿ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿ, ಸೆರೆಶಿಬಿರದ ಕೈದಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಭಾಗಿಯಾದವನೆಂಬ ಕಾರಣಕ್ಕೆ ವೈದ್ಯರು ಆ ಹೆಸರನ್ನು ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು; ರೋಗದ ಕಾರಣವನ್ನೂ ಆತ ತಪ್ಪಾಗಿಯೇ ಊಹಿಸಿದ್ದ. ಈಗ ಇದನ್ನು ರಿಯಾಕ್ಟಿವ್ ಆರ್ಥ್ರೈಟಿಸ್ ಎನ್ನುತ್ತಾರೆ. ಈ ಹೆಸರು ಕೊಟ್ಟವರು ಫಿನ್ಲೆಂಡಿನ ವೈದ್ಯರು, 1969ರಲ್ಲಿ. ಅವರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇತ್ತು. 1944ರ ಯುದ್ಧಭೂಮಿಯಲ್ಲಿ ಅಲ್ಲಿನ ಸೇನೆಗೆ ಆಮಶಂಕೆ ಬಡಿದಾಗ ಕೀಲು ಊದಿಸಿಕೊಂಡ 344 ಮಂದಿಯ ವಿವರವನ್ನು ಪಾರೊನೆನ್ ಎಂಬ ವೈದ್ಯ ದಾಖಲಿಸಿದ್ದರು.

ಇಂಥ ರೋಗಿಯ ಮಂಡಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಂಡಿಚಿಪ್ಪಿನ ಸುತ್ತ ಚರ್ಮ ಬಿಗಿದು ಹೊಳೆಯುತ್ತಿರುತ್ತದೆ, ಮುಟ್ಟಿದರೆ ಬಿಸಿ. ವೈದ್ಯರು ಪಕ್ಕದಿಂದ ಸೂಜಿ ಚುಚ್ಚಿ ಎಳೆದರೆ ಸಿರಿಂಜಿನೊಳಗೆ ಕದಡಿದ ಹಳದಿ ನೀರು ಬರುತ್ತದೆ. ಆರೋಗ್ಯವಂತ ಕೀಲಿನ ದ್ರವವಾದರೆ ತಿಳಿಯಾಗಿ, ಎಳೆ ಬರುವಷ್ಟು ಅಂಟಾಗಿರುತ್ತದೆ, ಇದು ನೀರಾಗಿಬಿಟ್ಟಿರುತ್ತದೆ. ಸೂಕ್ಷ್ಮದರ್ಶಕದಡಿ ಬಿಳಿರಕ್ತಕಣಗಳ ಜಾತ್ರೆ. ಖಂಡಿತ ಸೋಂಕೇ ಎಂದುಕೊಂಡು ಕಲ್ಚರಿಗೆ ಕಳಿಸಿದರೆ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ.

ಹಾಗಾದರೆ ಕಣಗಳೆಲ್ಲ ಯಾರ ಮೇಲೆ ಯುದ್ಧಕ್ಕೆ ಬಂದಿವೆ? ಯರ್ಸಿನಿಯಾ ಎಂಬ ಕರುಳಿನ ಬ್ಯಾಕ್ಟೀರಿಯಾದಿಂದ ಬಳಲಿದವರ ಕೀಲುದ್ರವವನ್ನು ಫಿನ್ಲೆಂಡಿನ ಕೈಸಾ ಗ್ರಾನ್‌ಫೋರ್ಸ್ ಮತ್ತು ಜೊತೆಗಾರರು ಪರೀಕ್ಷಿಸಿ, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೀವಂತ ಕ್ರಿಮಿ ಬೆಳೆಯಲಿಲ್ಲ, ಆದರೆ ಕಣಗಳ ಒಳಗೆ ಕ್ರಿಮಿಯ ಚೂರುಗಳಿದ್ದವು. ಕರುಳಿನಿಂದ ಮಂಡಿಯವರೆಗೆ ಅವಶೇಷ ಸಾಗಿ ಬಂದಿತ್ತು. ಇಂಥ ಕೀಲುನೋವಿಗೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ನುಂಗಿದರೂ ಸಾಮಾನ್ಯವಾಗಿ ಪ್ರಯೋಜನವಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನಾವಿಕರ ವಿಷಯಕ್ಕೆ ಬರೋಣ. 1973ರಲ್ಲಿ ಲಂಡನ್ನಿನ ಡೆರಿಕ್ ಬ್ರೂವರ್ಟನ್ ತಂಡ, ಅದೇ ಹೊತ್ತಿಗೆ ಲಾಸ್ ಏಂಜಲೀಸಿನ ಇನ್ನೊಂದು ತಂಡ, ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿಗೂ ಬೆನ್ನೆಲುಬನ್ನು ಬೆಸೆದುಬಿಡುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ರೋಗಕ್ಕೂ ನಂಟಿರುವುದನ್ನು ಕಂಡುಹಿಡಿದವು. ಬ್ರೂವರ್ಟನ್ ನೋಡಿದ 75 ರೋಗಿಗಳಲ್ಲಿ 72 ಮಂದಿಗೆ ಅದಿತ್ತು. ಈ ಬೆನ್ನುರೋಗ ರಿಯಾಕ್ಟಿವ್ ಆರ್ಥ್ರೈಟಿಸ್‌ನ ಹತ್ತಿರದ ನೆಂಟ; ಕೂಡಲೇ ಕೆಲವರಿಗೆ ಆ ಹಡಗು ನೆನಪಾಯಿತು. ಆಂಡ್ರೈ ಕ್ಯಾಲಿನ್ ಮತ್ತು ಜೇಮ್ಸ್ ಫ್ರೈಸ್ ಎಂಬ ವೈದ್ಯರು ಹಳೆಯ ನಾವಿಕರನ್ನು ಹುಡುಕಿಕೊಂಡು ಹೋದರು. ಐವರು ಸಿಕ್ಕರು, ಅವರಲ್ಲಿ ನಾಲ್ವರಿಗೆ ಬಿ27 ಇತ್ತು. ಒಂದು ದಶಕ ಕಳೆದಿದ್ದರೂ ಅವರ ಕೀಲುಗಳ ತಾಪತ್ರಯ ಮುಗಿದಿರಲಿಲ್ಲ.

ಹಾಗೆಂದು ಎಲ್ಲ ಹೊಣೆಯನ್ನೂ ವಂಶವಾಹಿಯ ತಲೆಗೆ ಕಟ್ಟುವಂತಿಲ್ಲ. ಬಿ27 ಇರುವವರಲ್ಲಿ ಬಹುಪಾಲು ಜನ ಯಾವ ನೋವೂ ಇಲ್ಲದೆ ಬಾಳಿ ಹೋಗುತ್ತಾರೆ. ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬಂದದ್ದನ್ನೇ ಜಾತಕದಂತೆ ಹಿಡಿದುಕೊಂಡು ಕೊರಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಗಂಟನ್ನು ಸ್ವಲ್ಪ ಸಡಿಲಿಸಿದ್ದು ಇಲಿಗಳು. ಡಲ್ಲಾಸಿನಲ್ಲಿ ರಾಬರ್ಟ್ ಹ್ಯಾಮರ್, ಜೋಯೆಲ್ ಟಾರೋಗ್ ಮೊದಲಾದವರು ಮನುಷ್ಯನ ಬಿ27 ವಂಶವಾಹಿಯನ್ನು ಇಲಿಗಳಿಗೆ ಸೇರಿಸಿದರು. 1990ರಲ್ಲಿ ಅವರು ವರದಿ ಮಾಡಿದಂತೆ ಆ ಇಲಿಗಳಿಗೆ ಭೇದಿ ಶುರುವಾಗಿ ಕೀಲುಗಳೂ ಊದಿಕೊಂಡವು. ಆಮೇಲೆ ಅದೇ ತಳಿಯ ಇಲಿಗಳನ್ನು ಒಂದೇ ಒಂದು ಸೂಕ್ಷ್ಮಜೀವಿಯೂ ಒಳಬಾರದ ಗೂಡುಗಳಲ್ಲಿ, ಕ್ರಿಮಿರಹಿತ ಆಹಾರ ಕೊಟ್ಟು ಸಾಕಿದರು. ವಂಶವಾಹಿ ಅದೇ. ಆದರೆ ಕರುಳೂ ಕೆಡಲಿಲ್ಲ, ಕೀಲೂ ಕೆಡಲಿಲ್ಲ! ಚರ್ಮದ ಉರಿಯೂತ ಮಾತ್ರ ಹಾಗೆಯೇ ಉಳಿಯಿತು. ಪ್ರಯೋಗಗಳು ಹೀಗೆ ಒಂದು ಎಳೆಯನ್ನು ಬಿಡಿಸದೆ ಉಳಿಸುವುದೇ ಹೆಚ್ಚು. ಮುಂದೆ ಬೇರೆ ಸಂಶೋಧಕರು ಇಂಥ ಇಲಿಗಳ ಬರಿಗರುಳಿಗೆ ಕೆಲವು ಬ್ಯಾಕ್ಟೀರಿಯಾಗಳನ್ನು ಬಿಟ್ಟು ನೋಡಿದರು. ಬ್ಯಾಕ್ಟೀರಾಯ್ಡಿಸ್ ಎಂಬ ಗುಂಪಿನ ಒಂದು ಜೀವಿ ಹೋಗಿ ಸೇರಿದಾಗ ಕರುಳು ಊದಿತು.

ಬ್ಯಾಕ್ಟೀರಾಯ್ಡಿಸ್ ಶಿಗೆಲ್ಲಾದಂಥ ಖಳನಲ್ಲ. ನಿಮ್ಮ ನನ್ನ ಕರುಳಲ್ಲಿ ಹುಟ್ಟಿದಾಗಿನಿಂದಲೋ ಎಂಬಂತೆ ತಣ್ಣಗೆ ಬದುಕಿಕೊಂಡಿರುವ ನಿವಾಸಿ. ರೋಗ ತರುವ ಕ್ರಿಮಿ, ಮನೆಮಂದಿಯಂಥ ಕ್ರಿಮಿ ಎಂದು ನಾವು ಎಳೆದ ಗೆರೆ ಇಂಥಲ್ಲಿ ಅಳಿಸಿಹೋಗುತ್ತದೆ. ನನಗೆ ಈ ಇಡೀ ಕಥೆಯಲ್ಲಿ ಮುಖ್ಯವೆನಿಸುವುದು ಇದೇ: ಹೊರಗಿನಿಂದ ಬಂದ ಸೋಂಕು ವಾರದಲ್ಲಿ ಹೋದೀತು, ಆದರೆ ಒಳಗೇ ಇರುವ ಕ್ರಿಮಿಗಳೊಂದಿಗೆ ದೇಹ ಮಾಡಿಕೊಂಡಿದ್ದ ಒಪ್ಪಂದ ಕೆಲವರಲ್ಲಿ ಮುರಿದು ಬೀಳುತ್ತದೆ. ಬೆಲ್ಜಿಯಂನ ಗೆಂಟ್‌ನಲ್ಲಿ 1980ರ ದಶಕದಲ್ಲಿ ಮೀಲಾಂಟ್ಸ್ ಮತ್ತು ವೇಸ್ ಎಂಬ ವೈದ್ಯರು ಬೆನ್ನು, ಕೀಲು ನೋವಿನ ಇಂಥ ರೋಗಿಗಳ ಕರುಳಿಗೆ ಕೊಳವೆ ಇಳಿಸಿ ಚೂರು ತೆಗೆದು ನೋಡಿದ್ದರು. ಹೊಟ್ಟೆಯ ದೂರೇ ಇಲ್ಲದ ಅನೇಕರ ಕರುಳಿನ ಗೋಡೆಯಲ್ಲೂ ಸದ್ದಿಲ್ಲದ ಉರಿಯೂತ ಕಂಡಿತು.

ಇಷ್ಟು ಓದಿದ ಮೇಲೆ ‘ಹಾಗಾದರೆ ಪ್ರೊಬಯಾಟಿಕ್ ಡಬ್ಬಿ ತಂದುಬಿಡೋಣ’ ಎನಿಸುವುದು ಸಹಜ. ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಅವು ಸಾಲುಗಟ್ಟಿ ನಿಂತಿರುತ್ತವೆ. ಮೊಸರು ಉಣ್ಣಿ, ಬೇಡ ಎನ್ನುವವರಾರು? ಅದರಿಂದ ಊದಿದ ಮಂಡಿ ಇಳಿಯುತ್ತದೆ ಎಂದು ಹೇಳುವಷ್ಟು ಪುರಾವೆ ಮಾತ್ರ ಇಲ್ಲ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. 2006ರಲ್ಲಿ ಚಿಕುನ್‌ಗುನ್ಯಾ ರಾಜ್ಯವನ್ನು ಮಲಗಿಸಿದ ಮೇಲೆ, ಕೀಲು ಹಿಡಿದರೆ ಸಾಕು ಅದರದೇ ಹೆಸರು ಹೇಳುವ ರೂಢಿ ಬಂದಿದೆ. ಎರಡು–ಮೂರು ವಾರದ ಹಿಂದೆ ಭೇದಿಯಾಗಿತ್ತೇ ಎಂದು ಕೇಳುವವರೂ ಕಡಿಮೆ, ಕೇಳದಿದ್ದರೂ ತಾನಾಗಿ ಹೇಳುವ ರೋಗಿಯಂತೂ ಇನ್ನೂ ಕಡಿಮೆ. ಭೇದಿಗೂ ಮಂಡಿಗೂ ಏನು ಸಂಬಂಧ ಎಂದುಕೊಂಡು ಸುಮ್ಮನಿರುತ್ತಾರೆ.

ಆ ಸಂಬಂಧದ ಒಂದು ಕೊಂಡಿ ಇಂಟರ್‌ಲ್ಯೂಕಿನ್-17. ಕ್ರಿಮಿಗಳು ಕರುಳಿನ ಗೋಡೆ ದಾಟದಂತೆ ಕಾಯಲು ನಮ್ಮ ರಕ್ಷಣಾ ಕಣಗಳು ಸುರಿಸುವ ರಾಸಾಯನಿಕ ಇದು. ಅತಿಯಾದರೆ ಬೆನ್ನೆಲುಬು, ಕೀಲುಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಅದನ್ನು ತಡೆಯುವ ಸೆಕುಕಿನುಮಾಬ್ ಚುಚ್ಚುಮದ್ದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಔಷಧವನ್ನು ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಗೂ ಕೊಟ್ಟು ನೋಡಿದರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಗುಣ ಕಾಣಲಿಲ್ಲ, ತೊಂದರೆಗಳೇ ಹೆಚ್ಚಾದವು, ಕಾವಲಿಗಿದ್ದುದನ್ನೇ ತೆಗೆದಂತಾಗಿತ್ತು. ಅಂದಿನಿಂದ ಬೆನ್ನುನೋವಿಗೆ ಈ ಚುಚ್ಚುಮದ್ದು ಬರೆಯುವ ಮುನ್ನ ಕೀಲುತಜ್ಞರು ವಿಚಾರಿಸುವುದು ರೋಗಿಯ ಹೊಟ್ಟೆಯ ಸಮಾಚಾರವನ್ನು: ಪದೇಪದೇ ಭೇದಿಯಾಗುತ್ತದೆಯೇ, ಮಲದಲ್ಲಿ ರಕ್ತ ಬಿದ್ದದ್ದುಂಟೇ, ಮನೆಯಲ್ಲಿ ಬೇರೆ ಯಾರಿಗಾದರೂ ಕರುಳಿನ ಕಾಯಿಲೆ ಇದೆಯೇ ಎಂದು.