ನಿಮಗಿದು ಗೊತ್ತೇ? ಸೌದೆಕೊಟ್ಟಿಗೆಯ ಹಳೇ ಬೈಕಿನ ಕರಾಮತ್ತು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರೇ? ನಿಮ್ಮ ಮನೆ ಸೌದೆಕೊಟ್ಟಿಗೆಯಲ್ಲಿ, ಅಡಿಕೆ ಹಾಳೆಯ ರಾಶಿಯ ಹಿಂದೆ, ಹಳೇ ಆರ್‌ಎಕ್ಸ್ 100 ಅಥವಾ ಯೆಜ್ಡಿ ಒರಗಿ ನಿಂತಿದೆಯೇ? ಗುಜರಿಯವನಿಗೆ ಫೋನು ಮಾಡುವ ಮೊದಲು ಇದನ್ನೊಮ್ಮೆ ಓದಿ!

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ಎಂಜಿನ್ ಬರೀ 98 ಸಿಸಿ. ಶಕ್ತಿ 11 ಅಶ್ವಶಕ್ತಿ. ಇದೇ ಲೆಕ್ಕದಲ್ಲಿ ಮಾರುತಿ 800ರ 796 ಸಿಸಿ ಎಂಜಿನ್ ದುಡಿದಿದ್ದರೆ 89 ಅಶ್ವಶಕ್ತಿ ಬರಬೇಕಿತ್ತು. ಬಂದದ್ದು 40ರ ಒಳಗೆ! ಈಗ ಹೇಳಿ, ಯಾವುದು ದೊಡ್ಡ ಗಾಡಿ?

ಅದೇ ಆರ್‌ಎಕ್ಸ್ ಎಂಜಿನ್ ನಿಮಿಷಕ್ಕೆ 7,500 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 125 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಓಡಾಡುವ ಜಾಗ ಐದೇ ಸೆಂಟಿಮೀಟರ್. ಸರಾಸರಿ ವೇಗ ಲೆಕ್ಕ ಹಾಕಿದರೆ ಗಂಟೆಗೆ 45 ಕಿ.ಮೀ.! ಅದೂ ಸೆಕೆಂಡಿಗೆ 250 ಸಲ ನಿಂತು, ತಿರುಗಿ, ಮತ್ತೆ ಓಡುತ್ತಾ.

ಟೂ ಸ್ಟ್ರೋಕ್ ಎಂಜಿನ್ನಿನ ತಲೆ ಬಿಚ್ಚಿ ನೋಡಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನೂ ಇಲ್ಲ! ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಅಷ್ಟೇ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ಮುಚ್ಚಿ ತೆರೆಯುತ್ತದೆ. ಮನೆಯಲ್ಲೇ ಬಿಚ್ಚಿ ಕೂರಿಸುವವರಿಗೆ ಈ ಬೈಕುಗಳೆಂದರೆ ಪ್ರಾಣ ಏಕೆಂದು ಈಗ ಗೊತ್ತಾಯಿತೇ?

ಸವೆದ ಸಿಲಿಂಡರನ್ನು ಎಸೆಯಬೇಕಿಲ್ಲ. ಬೋರ್ ಮಾಡಿಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿದರಾಯಿತು. ಆ 'ಸ್ವಲ್ಪ' ಎಷ್ಟು ಅಂತೀರಿ? ಕಾಲು ಮಿಲಿಮೀಟರ್! 0.25, 0.50, 0.75, 1.00 ಎಂದು ಒಂದೊಂದೇ ಮೆಟ್ಟಿಲು. ಒಂದೇ ಸಿಲಿಂಡರಿಗೆ ನಾಲ್ಕು ಮರುಜನ್ಮ!

ಬೇರಿಂಗ್ ಕೂರಿಸಲು ಸುತ್ತಿಗೆ ಬೇಡ, ಫ್ರಿಜ್ ಸಾಕು! ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಬೇರಿಂಗನ್ನು ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಡುತ್ತಾರೆ. ಎಂಜಿನ್ನಿನ ಕೇಸನ್ನು ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು ಕಾಯಿಸುತ್ತಾರೆ. ಆಮೇಲೆ ಬೇರಿಂಗ್ ತಾನಾಗಿಯೇ 'ಟಕ್' ಎಂದು ಒಳಗಿಳಿಯುತ್ತದೆ! ಫ್ರೀಜರಿನ ವಿಷಯಕ್ಕೆ ಮನೆಯವರ ಅಪ್ಪಣೆ ಪಡೆಯುವುದು ನಿಮಗೆ ಬಿಟ್ಟದ್ದು.

ಈಗ ಸೈಲೆನ್ಸರಿಗೆ ಬನ್ನಿ. ರೇಸ್ ಬೈಕುಗಳಲ್ಲಿ ಹೊಟ್ಟೆ ಉಬ್ಬಿ ಬಾಲ ಸಣ್ಣಗಾದ ಸೈಲೆನ್ಸರ್ ನೋಡಿದ್ದೀರಲ್ಲ? ಅದು ಶೋಕಿಗಲ್ಲ. ಹೊರಹೋದ ಹೊಗೆಯ ಅಲೆ ಆ ಸಣ್ಣ ತುದಿಗೆ ಬಡಿದು ಹಿಂದಿರುಗುತ್ತದೆ. ತಪ್ಪಿಸಿಕೊಂಡು ಹೊರಟಿದ್ದ ಪೆಟ್ರೋಲ್ ಆವಿಯನ್ನು ಮತ್ತೆ ಸಿಲಿಂಡರಿಗೇ ನೂಕುತ್ತದೆ! ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಕಥೆ ಇಲ್ಲಿಗೇ ಮುಗಿಯಲಿಲ್ಲ. 1961ರಲ್ಲಿ ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆಂದು ಹೋದವನು ಮನೆಗೆ ಮರಳಲೇ ಇಲ್ಲ. ಹೆಂಡತಿ ಮಕ್ಕಳು ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿದರು! ಡೆಗ್ನರ್ ಸೇರಿದ್ದು ಜಪಾನಿನ ಸುಜುಕಿಯನ್ನು, ಕಾಡೆನ್ನರ ಗುಟ್ಟುಗಳ ಸಮೇತ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವಪ್ರಶಸ್ತಿ! ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಇಂದಿಗೂ 'ಡೆಗ್ನರ್ ಕರ್ವ್' ಎಂಬ ತಿರುವಿದೆ. ಸಿನಿಮಾ ಮಾಡಲು ಇನ್ನೇನು ಬೇಕು?

ಟೂ ಸ್ಟ್ರೋಕ್ ಎಂಜಿನ್ ಹಿಂದುಮುಂದಾಗಿಯೂ ತಿರುಗಬಲ್ಲದು! ಕಿಕ್ ಅರೆಬರೆಯಾಗಿ, ಕಿಡಿಯ ಹೊತ್ತೂ ಹೆಚ್ಚುಕಡಿಮೆಯಾಗಿದ್ದರೆ ಕೆಲವು ಹಳೇ ಎಂಜಿನ್ನುಗಳು ಉಲ್ಟಾ ಓಡತೊಡಗುತ್ತವೆ. ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ! ಜರ್ಮನಿಯ ಮೂರು ಚಕ್ರದ ಮೆಸ್ಸರ್‌ಷ್ಮಿಟ್ ಕೆಆರ್ 200 ಇದನ್ನೇ ಅನುಕೂಲ ಮಾಡಿಕೊಂಡಿತ್ತು. ಎಂಜಿನ್ ಆರಿಸಿ, ಉಲ್ಟಾ ಚಾಲೂ ಮಾಡಿ, ನಾಲ್ಕು ಗೇರಿನಲ್ಲೂ ಹಿಂದಕ್ಕೆ ಹೋಗಬಹುದಿತ್ತು!

ನಮ್ಮ ಮೈಸೂರಿನ ಗಾಡಿಯ ಚಮತ್ಕಾರ ಕೇಳಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಅಲ್ಲಿ ಬೈಕು ತಯಾರಿಸಿತು. ಜಾವಾದ ಕಿಕ್ಕರ್ ಎಲ್ಲಿದೆ? ಗೇರ್ ಲಿವರೇ ಕಿಕ್ಕರ್! ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಚಾಲೂ ಆದ ಮೇಲೆ ಕೆಳಗಿಳಿಸಿದರೆ ಗೇರ್. ಓಡುವಾಗ ಗೇರ್ ಬದಲಿಸಲು ಕ್ಲಚ್ ಹಿಡಿಯಲೂಬೇಕಿಲ್ಲ, ಕಾಲಿನ ಒತ್ತಡಕ್ಕೇ ಕ್ಲಚ್ ಬಿಡುತ್ತದೆ! ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಚೈನಿಗೆ ಪೂರ್ತಿ ಮುಸುಕು ಬೇರೆ. ನಮ್ಮ ಕೆಸರಿಗೆ ಹೇಳಿ ಮಾಡಿಸಿದ್ದು! ಕಾರ್ಖಾನೆ ನಿಂತರೂ ಅಭಿಮಾನಿಗಳು ನಿಂತಿಲ್ಲ. ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಮಲೆನಾಡಿನಲ್ಲಿ ಅದು ಜಡಿಮಳೆಯ ಹೊತ್ತು, ಪಾಪ!

1983ರಲ್ಲಿ ಬಂದ ರಾಜ್‌ದೂತ್ 350ಗೆ ಎರಡು ಸಿಲಿಂಡರ್, ಆರು ಗೇರು. ಜಪಾನಿನ ಮೂಲ ಆರ್‌ಡಿ 350ಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ನಮ್ಮಲ್ಲಿ ಸಿಕ್ಕಿದ್ದು ಡ್ರಮ್! ಓಡುವುದು ಚಿರತೆ, ನಿಲ್ಲುವುದು ಎತ್ತಿನಗಾಡಿ. ಇವತ್ತು ಅದನ್ನು ಮರುಕಟ್ಟುವವರು ಮೊದಲು ಕೈ ಹಾಕುವುದು ಎಂಜಿನ್ನಿಗಲ್ಲ, ಬ್ರೇಕಿಗೆ. ನನ್ನನ್ನು ಕೇಳಿದರೆ ಅದೇ ಬುದ್ಧಿವಂತಿಕೆ.

ಜಪಾನಿ ಬೈಕಿನ ಸ್ಕ್ರೂ ತಲೆ ಏಕೆ ಅಷ್ಟು ಬೇಗ ಹರಿದುಹೋಗುತ್ತದೆ? ಅದು ಸಾಮಾನ್ಯ ಸ್ಟಾರ್ ಸ್ಕ್ರೂ ಅಲ್ಲವೇ ಅಲ್ಲ! ಜಪಾನಿ ಅಳತೆಯೇ ಬೇರೆ. ಅನೇಕ ಸ್ಕ್ರೂಗಳ ತಲೆಯ ಮೇಲೆ ಸಣ್ಣ ಚುಕ್ಕಿಯ ಗುರುತೂ ಇರುತ್ತದೆ. ಇನ್ನೊಂದು ತಮಾಷೆ: ಯಮಹಾದ ಬಲಗಡೆ ಕನ್ನಡಿಯ ಮರೆ ಉಲ್ಟಾ! ಬಿಚ್ಚಲು ಹೋದವರು ಬಿಗಿ ಮಾಡಿ ಮುರಿದಾರು, ಜೋಪಾನ.

ಥಳಥಳ ಹೊಳೆಯುವ ಕ್ರೋಮ್ ಎಷ್ಟು ದಪ್ಪ? ಸಾಮಾನ್ಯವಾಗಿ ತಲೆಗೂದಲಿನ ನೂರರಲ್ಲೊಂದು ಪಾಲು! ತುಕ್ಕು ತಡೆಯುವುದು ಅದರಡಿಯ ನಿಕ್ಕಲ್ ಪದರ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಇರುವವರು ನಿಕ್ಕಲ್ಲಿನಲ್ಲಿ ಜಿಪುಣತನ ಮಾಡಬಾರದು.

ಟ್ಯಾಂಕಿನ ಒಳಗಿನ ತುಕ್ಕನ್ನು ವಿನೆಗರ್ ಕರಗಿಸುತ್ತದೆ! ಸೈಲೆನ್ಸರಿನ ಮಸಿಗೆ ಕಾಸ್ಟಿಕ್ ಸೋಡಾ. ಆದರೆ ಅಲ್ಯೂಮಿನಿಯಂ ಭಾಗವನ್ನು ಅದರಲ್ಲಿ ಅದ್ದಿದಿರೋ, ಭಾಗವೇ ಕರಗತೊಡಗುತ್ತದೆ! ಸೋಡಾವನ್ನು ನೀರಿಗೆ ಹಾಕಿ. ಸೋಡಾಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರೀತು.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್. ಅದು ಗಾಳಿಯ ತೇವವನ್ನೇ ಹೀರುತ್ತದೆ! ಹಳೇ ಕಾಲದ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ. ಮಳೆಗಾಲವಿಡೀ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ.

ನಿಂತ ಗಾಡಿಯ ಪೈಪಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ನಗಬೇಡಿ! 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಹತ್ತಾರು ಸಾವಿರ ಕಾರುಗಳನ್ನು ವಾಪಸು ಕರೆಸಿತು. ಕಾರಣ? ಪೆಟ್ರೋಲ್ ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಜೇಡ ಬಲೆ ನೇಯ್ದದ್ದು!

ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು, ಗೊತ್ತೇ? ತಯಾರಕರು ಕೊಟ್ಟ ಮೂಲ ರಚನೆಯನ್ನು ಮನಬಂದಂತೆ ತಿದ್ದುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಕಟರ್ ಹಿಡಿದು ಚಾಸಿಯ ಬಾಲ ಕತ್ತರಿಸಲು ಹೊರಟವರೇ, ಒಂದು ನಿಮಿಷ! 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿ 'ವಿಂಟೇಜ್'. ನಂಬರಿನ ನಡುವೆ 'ವಿಎ' ಎಂಬ ಅಕ್ಷರ ಸಿಗುತ್ತದೆ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ದಿನಾ ಪೇಟೆಗೆ ಓಡಿಸುವಂತಿಲ್ಲ. ಯೆಜ್ಡಿ ಹೆಸರಿನ ಮೊದಲ ಬೈಕುಗಳು 1973ರವು, ಆಗಲೇ ಆ ವಯಸ್ಸು ದಾಟಿವೆ! ಆದರೆ ಚಾಸಿಗೋ ಎಂಜಿನ್ನಿಗೋ ದೊಡ್ಡ ಬದಲಾವಣೆ ಮಾಡಿದ್ದರೆ ಆ ಮರ್ಯಾದೆ ಸಿಗದು. ಆದ್ದರಿಂದ ಮೊದಲು ಆರ್‌ಸಿ ತೆಗೆದು ಇಸವಿ ನೋಡಿ, ಕಟರ್ ಆಮೇಲೆ!