ರೋಹಿಣಿಯ ನೆರೆಯ ಮಂದ ತಾರೆ: ಒಂದು ದೈತ್ಯನ ದ್ರವ್ಯರಾಶಿ ಅಳೆದ ಕಥೆ

ಮಾಗಿಯ ರಾತ್ರಿಗಳಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ನೀವು ನೋಡಿರುತ್ತೀರಿ. ಅವುಗಳನ್ನು ಸೇರಿಸುವ ಗೆರೆಯನ್ನು ವಾಯವ್ಯದ ಕಡೆಗೆ ಮುಂದುವರಿಸಿದರೆ ಕೆಂಬಣ್ಣದ ರೋಹಿಣಿ ಸಿಗುತ್ತದೆ. ಇಂಗ್ಲಿಷಿನ ‘ವಿ’ ಅಕ್ಷರದಂತೆ ಜೋಡಣೆಗೊಂಡ ತಾರೆಗಳ ಒಂದು ತುದಿಯಲ್ಲಿ ರೋಹಿಣಿ ಇದೆ. ಇನ್ನೊಂದು ತುದಿಯಲ್ಲಿರುವ ಮಂದ ತಾರೆಯೇ ಎಪ್ಸಿಲಾನ್ ಟಾರಿ. ಇದಕ್ಕೆ ‘ಐನ್’ ಎಂಬ ಹೆಸರೂ ಇದೆ. ಅರಬ್ಬಿಯಲ್ಲಿ ಕಣ್ಣು ಎಂದರ್ಥ.

ಇದರ ಕಾಂತಿಮಾನ 3.5. (ಕಾಂತಿಮಾನ ಹೆಚ್ಚಿದಂತೆ ನಕ್ಷತ್ರ ಮಂದ, ಬರಿಗಣ್ಣಿನ ಮಿತಿ ಸುಮಾರು 6.) ಅಂದರೆ ರೋಹಿಣಿಯಿಂದ ನಮಗೆ ಬರುವ ಬೆಳಕು ಐನ್‌ನಿಂದ ಬರುವುದರ ಸುಮಾರು 12 ಪಟ್ಟು. ಪಟ್ಟಣದ ದೀಪಗಳ ನಡುವೆ ಐನ್ ಕಾಣದೆಯೂ ಹೋಗಬಹುದು. ಇಂಥ ಒಂದು ಬೆಳಕಿನ ಚುಕ್ಕೆಯ ಗಾತ್ರ, ತಾಪ, ದ್ರವ್ಯರಾಶಿಗಳನ್ನು ತಿಳಿಯುವುದು ಹೇಗೆ? ಪಿಯುಸಿ ಭೌತವಿಜ್ಞಾನವನ್ನೇ ಬಳಸಿ ಬಹಳ ದೂರ ಸಾಗಬಹುದು.

ದೂರ ಮತ್ತು ದೀಪ್ತಿ

ಭೂಮಿಯು ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳು ದೂರದವುಗಳ ಹಿನ್ನೆಲೆಯಲ್ಲಿ ಅತ್ತಿತ್ತ ಸರಿದಂತೆ ತೋರುತ್ತವೆ. ಇದೇ ಪ್ಯಾರಲಾಕ್ಸ್. ಹಿಪಾರ್ಕಸ್ ಉಪಗ್ರಹದ ಮಾಪನದಂತೆ ಐನ್‌ನ ಪ್ಯಾರಲಾಕ್ಸ್ ಒಂದು ಸೆಕೆಂಡ್ ಕೋನದ ಸಾವಿರದ 22 ಭಾಗ. ಅದರ ಪ್ರಕಾರ ದೂರ ಸುಮಾರು 45 ಪಾರ್ಸೆಕ್, ಅಂದರೆ 147 ಜ್ಯೋತಿರ್ವರ್ಷ. ರೋಹಿಣಿಯಾದರೋ ಸುಮಾರು 67 ಜ್ಯೋತಿರ್ವರ್ಷ ದೂರದಲ್ಲಿದೆ. ಇವೆರಡೂ ನೆರೆಹೊರೆಯಂತೆ ಕಾಣುವುದು ನಮ್ಮ ದೃಷ್ಟಿಗೆ ಮಾತ್ರ.

ಈಗ ಸೂರ್ಯನನ್ನು ಐನ್ ಇರುವ ದೂರಕ್ಕೆ ಒಯ್ದೆವೆಂದು ಕಲ್ಪಿಸಿಕೊಳ್ಳಿ. ಅವನ ಕಾಂತಿಮಾನ 8.1 ಆಗಿ ಬರಿಗಣ್ಣಿಗೆ ಕಾಣದಾಗುತ್ತಾನೆ! ಕಾಂತಿಮಾನದಲ್ಲಿ 5ರ ವ್ಯತ್ಯಾಸವೆಂದರೆ ಬೆಳಕಿನಲ್ಲಿ 100 ಪಟ್ಟು. ಇಲ್ಲಿನ ವ್ಯತ್ಯಾಸ 4.6. ಆದ್ದರಿಂದ ಐನ್ ಸೂರ್ಯನಿಗಿಂತ ಸುಮಾರು 67 ಪಟ್ಟು ಹೆಚ್ಚು ಗೋಚರ ಬೆಳಕನ್ನು ಸೂಸುತ್ತದೆ. ಕಣ್ಣಿಗೆ ಕಾಣದ ಅವಕೆಂಪು ವಿಕಿರಣವನ್ನೂ ಸೇರಿಸಿದರೆ ಒಟ್ಟು ದೀಪ್ತಿ ಸುಮಾರು 80 ಪಟ್ಟಾಗುತ್ತದೆ.

ತಾಪ ಮತ್ತು ಗಾತ್ರ

ನಕ್ಷತ್ರದ ಬಣ್ಣ ಮತ್ತು ರೋಹಿತದಲ್ಲಿನ ಕಪ್ಪು ಗೆರೆಗಳು ಮೇಲ್ಮೈಯ ತಾಪವನ್ನು ತಿಳಿಸುತ್ತವೆ. ಐನ್‌ನ ತಾಪ ಸುಮಾರು 4,900 ಕೆಲ್ವಿನ್, ಸೂರ್ಯನದು 5,770. ಸ್ಟೆಫಾನ್ ನಿಯಮದಂತೆ ದೀಪ್ತಿಯು ತ್ರಿಜ್ಯದ ವರ್ಗಕ್ಕೂ ತಾಪದ ನಾಲ್ಕನೆಯ ಘಾತಕ್ಕೂ ಅನುಪಾತೀಯ. ತಾಪಗಳ ಅನುಪಾತ 0.85, ಅದರ ನಾಲ್ಕನೆಯ ಘಾತ 0.52. ಅಂದರೆ ಐನ್‌ನ ಪ್ರತಿ ಚದರ ಮೀಟರ್ ಸೂರ್ಯನ ಅರ್ಧದಷ್ಟು ಶಕ್ತಿಯನ್ನು ಮಾತ್ರ ಹೊರಸೂಸುತ್ತದೆ. ಆದರೂ ಒಟ್ಟು ದೀಪ್ತಿ 80 ಪಟ್ಟಾಗಬೇಕಾದರೆ ಮೇಲ್ಮೈ 154 ಪಟ್ಟು, ತ್ರಿಜ್ಯ 12.4 ಪಟ್ಟು ಇರಬೇಕು. ಐನ್ ದೈತ್ಯ ತಾರೆ ಎನಿಸಿಕೊಂಡಿರುವುದು ಇದರಿಂದಲೇ.

ಈ ಲೆಕ್ಕವನ್ನು ತಾಳೆ ನೋಡಲು ಬೇರೊಂದು ದಾರಿಯಿದೆ. ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿರುವ ಚಾರಾ ವ್ಯತಿಕರಣಮಾಪಕದಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಕೂಡಿಸಿ ನಕ್ಷತ್ರದ ಕೋನೀಯ ವ್ಯಾಸವನ್ನೇ ಅಳೆಯುತ್ತಾರೆ. ಐನ್‌ಗೆ ದೊರೆತ ಬೆಲೆ ಒಂದು ಸೆಕೆಂಡ್ ಕೋನದ ಸುಮಾರು 400ನೆಯ ಒಂದು ಭಾಗ. ಇದನ್ನು ದೂರದೊಂದಿಗೆ ಗುಣಿಸಿದರೆ ತ್ರಿಜ್ಯ ಸೂರ್ಯನ 12.1 ಪಟ್ಟು ಬರುತ್ತದೆ. ಎರಡು ಬೇರೆ ಬೇರೆ ವಿಧಾನಗಳ ಉತ್ತರಗಳು ಎಷ್ಟು ಹತ್ತಿರವಿವೆ ನೋಡಿ!

ಕಠಿಣ ಪ್ರಶ್ನೆ: ದ್ರವ್ಯರಾಶಿ ಎಷ್ಟು?

ಸೂರ್ಯನಂತೆ ಹೈಡ್ರೊಜನ್ ಉರಿಸುತ್ತಿರುವ ನಕ್ಷತ್ರಗಳಲ್ಲಿ ದೀಪ್ತಿ ತಿಳಿದರೆ ದ್ರವ್ಯರಾಶಿಯನ್ನು ಅಂದಾಜು ಮಾಡಬಹುದು. ದೈತ್ಯ ತಾರೆಗಳಲ್ಲಿ ಈ ಉಪಾಯ ನಡೆಯದು. ಸೂರ್ಯನಷ್ಟೇ ದ್ರವ್ಯರಾಶಿಯ ತಾರೆಯೂ ಅದರ ಎರಡೂವರೆ ಪಟ್ಟಿನದೂ ಮುಪ್ಪಿನಲ್ಲಿ ಬಹುತೇಕ ಒಂದೇ ತಾಪ, ಒಂದೇ ದೀಪ್ತಿಗೆ ಬಂದು ನಿಲ್ಲಬಹುದು. ಹೊರಗಿನಿಂದ ನೋಡಿದರೆ ಎರಡೂ ಅವಳಿಗಳಂತೆ.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 2007ರಲ್ಲಿ ಜಪಾನಿನ ಸಾತೊ ಮತ್ತು ಸಂಗಡಿಗರು ಒಕಾಯಾಮಾ ವೀಕ್ಷಣಾಲಯದಿಂದ ಐನ್ ಅನ್ನು ಸುತ್ತುವ ಗ್ರಹವೊಂದನ್ನು ಕಂಡುಹಿಡಿದರು. ತೆರೆದ ತಾರಾಗುಚ್ಛವೊಂದರಲ್ಲಿ ಪತ್ತೆಯಾದ ಮೊದಲ ಗ್ರಹ ಇದು; ಪರಿಭ್ರಮಣ ಅವಧಿ ಸುಮಾರು 595 ದಿನ. ಗ್ರಹದ ಸೆಳೆತದಿಂದ ನಕ್ಷತ್ರ ಓಲಾಡುವುದನ್ನು ಡಾಪ್ಲರ್ ಪರಿಣಾಮದ ಮೂಲಕ ಅಳೆದು ಗ್ರಹದ ದ್ರವ್ಯರಾಶಿಯನ್ನು ಲೆಕ್ಕ ಹಾಕುತ್ತಾರೆ. ಈ ಲೆಕ್ಕಕ್ಕೆ ನಕ್ಷತ್ರದ ದ್ರವ್ಯರಾಶಿ ಮೊದಲೇ ಗೊತ್ತಿರಬೇಕು. ಅದನ್ನು ಸೂರ್ಯನ 2.7 ಪಟ್ಟು ಎಂದು ಇಟ್ಟುಕೊಂಡಾಗ ಗ್ರಹವು ಕನಿಷ್ಠ 7.6 ಗುರುಗ್ರಹಗಳಷ್ಟು ಎಂದಾಯಿತು. ನಕ್ಷತ್ರದ ಬೆಲೆ ತಪ್ಪಾದರೆ ಗ್ರಹದ್ದೂ ತಪ್ಪು. ಇದೇ ರೀತಿ ದೈತ್ಯ ತಾರೆಗಳ ಸುತ್ತ ಪತ್ತೆಯಾದ ಅನೇಕ ಗ್ರಹಗಳ ವಿಚಾರದಲ್ಲಿ, ತಾರೆಗಳ ದ್ರವ್ಯರಾಶಿಯನ್ನೇ ಹೆಚ್ಚಾಗಿ ಅಂದಾಜಿಸಲಾಗಿದೆಯೆ ಎಂಬ ಚರ್ಚೆ ನಡೆಯಿತು.

ಗಂಟೆಯ ನಾದದಂತೆ

ದೇವಸ್ಥಾನದ ದೊಡ್ಡ ಗಂಟೆಯ ನಾದ ಗಂಭೀರ. ಕಾಲ್ಗೆಜ್ಜೆಯ ನಾದ ಕೀಚಲು. ನಕ್ಷತ್ರಗಳೂ ಹೀಗೆಯೇ ಕಂಪಿಸುತ್ತವೆ. ಒಳಗೆ ಕುದಿಯುವ ಅನಿಲವು ಧ್ವನಿ ತರಂಗಗಳನ್ನು ಎಬ್ಬಿಸುತ್ತದೆ. ಸೂರ್ಯನ ಮೇಲ್ಮೈ ಸುಮಾರು 5 ನಿಮಿಷಕ್ಕೊಮ್ಮೆ ಏರಿಳಿದರೆ, ಐನ್‌ನದು ಸುಮಾರು 5 ಗಂಟೆಗೊಮ್ಮೆ. ಟೆನೆರೀಫ್ ದ್ವೀಪದಲ್ಲಿರುವ ಸಾಂಗ್ ದೂರದರ್ಶಕದಿಂದ ಈ ಕಂಪನಗಳನ್ನು ಅಳೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ಒಂದು ನಕ್ಷತ್ರದಲ್ಲಿ ಹಲವು ಆವೃತ್ತಿಯ ಕಂಪನಗಳು ಒಟ್ಟಿಗೆ ನಡೆದಿರುತ್ತವೆ. ಅವುಗಳ ನಡುವಿನ ಸಮಾನ ಅಂತರದ ವರ್ಗವು ನಕ್ಷತ್ರದ ಸರಾಸರಿ ಸಾಂದ್ರತೆಗೆ ಅನುಪಾತೀಯ. ಈ ಅಂತರ ಸೂರ್ಯನಲ್ಲಿ 135 ಮೈಕ್ರೊಹರ್ಟ್ಸ್, ಐನ್‌ನಲ್ಲಿ 5. ಅನುಪಾತ 27, ಅದರ ವರ್ಗ 729. ಆದ್ದರಿಂದ ಐನ್‌ನ ಸಾಂದ್ರತೆ ಸೂರ್ಯನ 729ನೆಯ ಒಂದು ಭಾಗ. ಗಾತ್ರವಾದರೋ 12.1ರ ಘನ, ಅಂದರೆ ಸುಮಾರು 1,770 ಪಟ್ಟು. ಇದನ್ನು 729ರಿಂದ ಭಾಗಿಸಿದರೆ ದ್ರವ್ಯರಾಶಿ ಸೂರ್ಯನ 2.4 ಪಟ್ಟು! ಸೂಕ್ಷ್ಮ ತಿದ್ದುಪಡಿಗಳ ನಂತರ ಪ್ರಕಟವಾದ ಬೆಲೆ 2.46. ಇದರಂತೆ ಗ್ರಹದ ಕನಿಷ್ಠ ದ್ರವ್ಯರಾಶಿ 7 ಗುರುಗ್ರಹಗಳಿಗಿಂತ ತುಸು ಹೆಚ್ಚು ಎಂಬಷ್ಟಕ್ಕೆ ಇಳಿಯುತ್ತದೆ.

ಇನ್ನೊಂದು ಸಾಕ್ಷಿಯೂ ಇದೆ. ಐನ್ ಒಂಟಿಯಲ್ಲ, ಹಯಾಡೀಸ್ ಎಂಬ ತಾರಾಗುಚ್ಛದ ಸದಸ್ಯ. (ರೋಹಿಣಿ ಇದಕ್ಕೆ ಸೇರಿಲ್ಲ.) ಗುಚ್ಛದ ತಾರೆಗಳೆಲ್ಲ ಒಟ್ಟಿಗೆ ಹುಟ್ಟಿದವು; ವಯಸ್ಸು ಸುಮಾರು 65 ಕೋಟಿ ವರ್ಷ. ಎರಡೂವರೆ ಸೂರ್ಯರಷ್ಟು ದ್ರವ್ಯರಾಶಿಯ ತಾರೆ ಯೌವನದಲ್ಲಿ ಸುಮಾರು 40 ಪಟ್ಟು ವೇಗವಾಗಿ ಇಂಧನ ಉರಿಸುತ್ತದೆ. ಸೂರ್ಯನ ಹೈಡ್ರೊಜನ್ 1,000 ಕೋಟಿ ವರ್ಷ ಬಾಳಿದರೆ, ಇದರದು ಅದರ 2.5/40 ಭಾಗ, ಅಂದರೆ ಸುಮಾರು 62 ಕೋಟಿ ವರ್ಷ. ಆ ಅವಧಿ ಮುಗಿದ ಕಾರಣ ಐನ್ ಈಗ ಒಡಲಾಳದಲ್ಲಿ ಹೀಲಿಯಮ್ ಉರಿಸುತ್ತಿದೆ. ಲೆಕ್ಕ ತಾಳೆಯಾಯಿತು.

ದೈತ್ಯನ ಒಡಲು

ಇಷ್ಟು ತಿಳಿದ ಮೇಲೆ ಉಳಿದುದು ಸುಲಭ. ಸೂರ್ಯನ ಸರಾಸರಿ ಸಾಂದ್ರತೆ ಘನ ಮೀಟರಿಗೆ ಸುಮಾರು 1,400 ಕಿಲೋಗ್ರಾಂ. ಹಾಗಾದರೆ ಐನ್‌ನದು ಸುಮಾರು 2 ಕಿಲೋಗ್ರಾಂ. ನಾವು ಉಸಿರಾಡುವ ಗಾಳಿಯದು 1.2! ತಿರುಳು ಅತಿ ಸಾಂದ್ರವಾಗಿದ್ದರೂ ಹೊರಗಿನ ಬಹುಭಾಗ ಗಾಳಿಗಿಂತಲೂ ವಿರಳ. ಮೇಲ್ಮೈಯ ಗುರುತ್ವ ವೇಗೋತ್ಕರ್ಷ 4.6 ಮೀಟರ್/ಸೆಕೆಂಡ್², ಭೂಮಿಯಲ್ಲಿರುವುದರ ಅರ್ಧಕ್ಕೂ ಕಡಿಮೆ.

ಅಧ್ಯಾಪಕರು ಈ ಲೆಕ್ಕಗಳನ್ನು ತರಗತಿಯಲ್ಲಿ ಮಾಡಿಸಬಹುದು. ಬೇಕಾದುದು ಸ್ಟೆಫಾನ್ ನಿಯಮ, ಗೋಳದ ಗಾತ್ರದ ಸೂತ್ರ ಮತ್ತು ನ್ಯೂಟನ್ನನ ಗುರುತ್ವ ನಿಯಮ, ಇಷ್ಟೇ. ಲೆಕ್ಕ ಮುಗಿದ ದಿನ ರಾತ್ರಿ ದೀಪಗಳಿಂದ ದೂರ ಹೋಗಿ ರೋಹಿಣಿಯ ಎದುರು ತುದಿಯನ್ನು ಮಕ್ಕಳಿಗೆ ತೋರಿಸಿ. ತಾವೇ ಅಳತೆ ಕಂಡುಕೊಂಡ ನಕ್ಷತ್ರ ಅವರಿಗೆ ಮತ್ತೆಂದೂ ಬರಿಯ ಚುಕ್ಕೆಯಾಗಿ ಕಾಣದು.