ಪ್ರಶ್ನೆ ಕೇಳುವವರದೇ ಸಭಾಂಗಣ

ರಾಜಕೀಯ ನಾಯಕರು ಪತ್ರಕರ್ತರ ಪ್ರಶ್ನೆಗಳಿಗೆ ಹೇಗೆ ಉತ್ತರಿಸುತ್ತಾರೆ ಎಂದು ತಿಳಿಯಬಯಸುವವರು ಬರ್ಲಿನ್ನಿನಲ್ಲಿ ಎರಡು ಕಟ್ಟಡಗಳನ್ನು ನೋಡಬೇಕು. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ನಡಿಗೆ.

ಮೊದಲನೆಯದು ಹಿಂದೆ ಮೋರೆನ್‌ಸ್ಟ್ರಾಸೆ ಎನ್ನುತ್ತಿದ್ದ ಬೀದಿಯಲ್ಲಿದೆ. ಈಗ ಕೇಂದ್ರ ನ್ಯಾಯ ಸಚಿವಾಲಯಕ್ಕೆ ಸೇರಿರುವ ಈ ಕಟ್ಟಡದಲ್ಲಿ ಪೂರ್ವ ಜರ್ಮನಿಯ ಅಂತರರಾಷ್ಟ್ರೀಯ ಪತ್ರಿಕಾ ಕೇಂದ್ರವಿತ್ತು. 1989ರ ನವೆಂಬರ್ 9ರ ಸಂಜೆ ಆಳುವ ಪಕ್ಷದ ನಾಯಕ ಗುಂಟರ್ ಶಬೋವ್‌ಸ್ಕಿ ನಡೆಸಿದ ಸುದ್ದಿಗೋಷ್ಠಿ ಟಿ.ವಿ.ಯಲ್ಲಿ ನೇರ ಪ್ರಸಾರವಾಗುತ್ತಿತ್ತು. ಮುಗಿಯುವ ಹೊತ್ತಿಗೆ ಇಟಲಿಯ ಪತ್ರಕರ್ತ ರಿಕಾರ್ಡೊ ಎರ್ಮನ್ ಪ್ರಯಾಣ ನಿಯಮದ ಬಗ್ಗೆ ಕೇಳಿದರು. ನಾಗರಿಕರು ಇನ್ನು ಗಡಿ ದಾಟಬಹುದು ಎಂದರು ಶಬೋವ್‌ಸ್ಕಿ. ಯಾವಾಗಿನಿಂದ ಎಂಬ ಮರುಪ್ರಶ್ನೆ ಬಂತು. ಈ ಸುದ್ದಿಯನ್ನು ಮರುದಿನ ಬೆಳಗಿನವರೆಗೆ ಹೊರಗೆಡಹುವಂತಿಲ್ಲ ಎಂಬುದು ಶಬೋವ್‌ಸ್ಕಿಗೆ ಗೊತ್ತಿರಲಿಲ್ಲ. ಕಾಗದ ತಿರುವಿಹಾಕಿ, ತಮಗೆ ತಿಳಿದಂತೆ ಈಗಿನಿಂದಲೇ ಎಂದುಬಿಟ್ಟರು. ಜನ ಗಡಿಠಾಣೆಗಳಿಗೆ ನುಗ್ಗಿದರು. ಬೋರ್ನ್‌ಹೋಲ್ಮರ್ ಸ್ಟ್ರಾಸೆಯ ಗೇಟು ಆ ರಾತ್ರಿಯೇ ತೆರೆಯಿತು. ಬರ್ಲಿನ್ ಗೋಡೆ ಬಿದ್ದದ್ದು ತಿಂಗಳುಗಟ್ಟಲೆ ನಡೆದ ಜನರ ಹೋರಾಟದಿಂದ. ಆದರೆ ಅದು ಆ ರಾತ್ರಿಯೇ ತೆರೆದುಕೊಂಡದ್ದು ಒಂದು ಮರುಪ್ರಶ್ನೆಯಿಂದ.

ಅಲ್ಲಿಂದ ಫ್ರೀಡ್ರಿಕ್‌ಸ್ಟ್ರಾಸೆ ಹಿಡಿದು ಉತ್ತರಕ್ಕೆ ಸಾಗಿ, ಸ್ಪ್ರೇ ನದಿಯ ಸೇತುವೆ ದಾಟಿ ಎಡಕ್ಕೆ ಹೊರಳಬೇಕು. ನಾಟಕಕಾರ ಬ್ರೆಕ್ಟ್ ಕಟ್ಟಿದ ತಂಡ ಬರ್ಲಿನರ್ ಎನ್ಸೆಂಬಲ್‌ನ ರಂಗಮಂದಿರ ಕಾಣುತ್ತದೆ. ನದಿದಂಡೆಯಲ್ಲೇ ಇನ್ನಷ್ಟು ನಡೆದರೆ, ಸಂಸತ್ತಿನ ಕಟ್ಟಡಗಳ ಮಗ್ಗುಲಲ್ಲಿ, ಬುಂಡೆಸ್‌ಪ್ರೆಸ್ಸೆಕಾನ್ಫರೆನ್ಸ್ ಸಿಗುತ್ತದೆ. 1949ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ, ಕೇಂದ್ರ ರಾಜಕೀಯ ವರದಿ ಮಾಡುವ ಪತ್ರಕರ್ತರ ಸಂಘವಿದು.

ಒಳಗಿನ ಸಭಾಂಗಣದ ವೇದಿಕೆಯ ಹಿಂದೆ ನೀಲಿ ಗೋಡೆ, ಮುಂದೆ ಸಾಲು ಕುರ್ಚಿಗಳು. ಇಲ್ಲಿ ಕರೆಯುವವರು ಪತ್ರಕರ್ತರು, ಚಾನ್ಸಲರ್ ಕೂಡ ಅತಿಥಿ. ಮುಂದಿನ ಪ್ರಶ್ನೆ ಯಾರದು ಎಂದು ಹೇಳುವವರೂ ಅಧ್ಯಕ್ಷತೆ ವಹಿಸಿದ ಪತ್ರಕರ್ತರೇ. ಹಾಗಾಗಿ ಬೇಕಾದವರಿಂದ ಮಾತ್ರ ಪ್ರಶ್ನೆ ಕೇಳಿಸಿಕೊಳ್ಳುವ ದಾರಿ ನಾಯಕರಿಗಿಲ್ಲ. ನಿರಾಶ್ರಿತರ ಪ್ರಶ್ನೆಯ ಬಗ್ಗೆ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ‘ನಮ್ಮಿಂದ ಇದು ಆಗುತ್ತದೆ’ ಎಂದದ್ದು 2015ರ ಆಗಸ್ಟ್ 31ರಂದು, ಇದೇ ವೇದಿಕೆಯಲ್ಲಿ.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಸರ್ಕಾರದ ವಕ್ತಾರರೊಂದಿಗೆ ಎಲ್ಲ ಸಚಿವಾಲಯಗಳ ವಕ್ತಾರರೂ ಬರುತ್ತಾರೆ. ‘ಅದು ನಮ್ಮ ಇಲಾಖೆಯದಲ್ಲ’ ಎಂದರೆ ಆ ಇಲಾಖೆಯವರು ಪಕ್ಕದಲ್ಲೇ ಇರುತ್ತಾರೆ. ಜಾರಿಕೊಳ್ಳುವ ಉತ್ತರಗಳು ಇಲ್ಲೂ ಉಂಟು. ತನಿಖೆ ನಡೆಯುತ್ತಿದೆ, ಊಹೆಗೆ ಉತ್ತರಿಸುವುದಿಲ್ಲ, ವಿವರ ಆಮೇಲೆ ಕೊಡುತ್ತೇವೆ ಎನ್ನುವವರಿದ್ದಾರೆ. ಆದರೆ ಪ್ರಶ್ನೋತ್ತರವನ್ನು ಸರ್ಕಾರವೇ ಅಕ್ಷರರೂಪದಲ್ಲಿ ಪ್ರಕಟಿಸುತ್ತದೆ. ಹೀಗಾಗಿ ಯಾರು, ಯಾವ ಪ್ರಶ್ನೆಗೆ ಜಾರಿಕೊಂಡರು ಎಂಬುದೂ ದಾಖಲೆಯಲ್ಲಿ ಉಳಿಯುತ್ತದೆ.

ನಮ್ಮಲ್ಲೂ ಇಂಥ ಜಾಗಗಳಿವೆ. ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್ ಇದೆ, ಜಿಲ್ಲೆಗಳಲ್ಲಿ ಪತ್ರಿಕಾ ಭವನಗಳಿವೆ. ಆದರೆ ನಾಯಕರಿಗೆ ಅನುಕೂಲವಾಗುವುದು ಕಾರಿನ ಬಾಗಿಲಲ್ಲಿ ಕೊಡುವ ಬೈಟ್. ಇಷ್ಟವಾದದ್ದಕ್ಕೆ ಉತ್ತರಿಸಿ ಹತ್ತಿ ಹೊರಡಬಹುದು. ಪತ್ರಕರ್ತ ಮಿತ್ರರೇ, ನಾಯಕರನ್ನು ನಿಮ್ಮ ಅಂಗಳಕ್ಕೆ ಕರೆಯಿರಿ. ಸಹೋದ್ಯೋಗಿಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನಿಮ್ಮ ಪ್ರಶ್ನೆ ಬದಿಗಿಟ್ಟು ಅದನ್ನೇ ಮತ್ತೆ ಕೇಳಿ. ಉತ್ತರ ಬರಬೇಕಾಗಿರುವುದು ಓದುವ ಜನರಿಗೆ.